ಏಳರಿಂದ ಏಳೂ ನಲವತ್ತು

ಜುಲೈ ೧೫, ಮಂಗಳವಾರ

ನಿನ್ನೆ ಮೊಮ್ಮಗ ಕುಶಾಲ ಸ್ಕೂಲಿಗೆ ಹೋದದ್ದು ಮಲಗುವ ಪೈಜಾಮದಲ್ಲಿ. ಮೇಲೆ ಅವರಪ್ಪನ ರೇನ್‌ಕೋಟು. ಯೂನಿಫಾರಂ ಬ್ಯಾಗಿನಲ್ಲಿತ್ತು, ನಮ್ಮ ಮನೆಯಲ್ಲೂ ಯೂನಿಫಾರಂ ಇದೆ ಎಂದು ಸ್ಕೂಲಿನವರಿಗೆ ತಿಳಿಯಲಿ ಎಂದು ನಾನೇ ಇಟ್ಟು ಕಳಿಸಿದ್ದೆ. ಹನ್ನೊಂದಕ್ಕೆ ಹೆಡ್‌ಮಿಸ್ಸು ಫೋನು ಮಾಡಿದರು. ದಸರಾ ರಜದವರೆಗೆ ನೋಡುತ್ತಾರಂತೆ. ಅಷ್ಟರೊಳಗೆ ಹುಡುಗ ಎಲ್ಲರ ಹಾಗೆ ಬಟ್ಟೆ ಹಾಕಿಕೊಂಡು, ಹೊತ್ತಿಗೆ ಸರಿಯಾಗಿ ಬರದಿದ್ದರೆ ಬೇರೆ ಸ್ಕೂಲು ವಿಚಾರಿಸಿಕೊಳ್ಳಬೇಕಂತೆ.

ಸೊಸೆ ಪ್ರತಿಭಾ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿ ಎರಡು ವಾರ. ಆರೂವರೆಗೆ ಅಲ್ಲಿರಬೇಕು. ಮಗ ಶಿವು ಅದಕ್ಕೂ ಮೊದಲೇ ಮಾರ್ಕೆಟ್ಟಿಗೆ ಹೋಗಿ, ಅಲ್ಲಿಂದ ಹಾಗೇ ಮಲ್ಲೇಶ್ವರದ ತರಕಾರಿ ಅಂಗಡಿಗೆ. ಏಳು ವರ್ಷದ ಕುಶಾಲನನ್ನು ಹೊರಡಿಸುವುದು ನನ್ನ ಪಾಲಿಗೆ ಬಂತು. ಮೂವತ್ತು ವರ್ಷ ಎಂಟನೇ ಕ್ರಾಸಿನಲ್ಲಿ ಕೂತು ಸೊಪ್ಪು ಮಾರಿದವಳು ನಾನು. ಲಾರಿಯವರು, ಪೊಲೀಸಿನವರು, ಒಂದು ಕಟ್ಟು ದಂಟಿಗೆ ಅರ್ಧ ಗಂಟೆ ಚೌಕಾಸಿ ಮಾಡುವ ಹೆಂಗಸರು, ಎಲ್ಲರನ್ನೂ ಬಾಯಿಂದಲೇ ನಿಭಾಯಿಸಿದ್ದೇನೆ. ಒಂದು ನಿಕ್ಕರು ಹಾಕಿಸಲು ನನ್ನ ಕೈಲಾಗುತ್ತಿಲ್ಲ. ಆಟಿಸಂ ಎಂದು ಡಾಕ್ಟರು ಬರೆದುಕೊಟ್ಟಿದ್ದಾರೆ, ಇರಲಿ. ಅದರ ಜೊತೆಗೆ ಹಟವೂ ಇದೆ ಎಂದು ನನ್ನ ಅಭಿಪ್ರಾಯ.

ಸಂಜೆ ಪ್ರತಿಭಾ ನನ್ನನ್ನೂ ಥೆರಪಿಯ ಸಂಧ್ಯಾ ಮೇಡಂ ಹತ್ತಿರ ಕರೆದುಕೊಂಡು ಹೋದಳು. ಹೋದಮೇಲೆ ಗೊತ್ತಾಯಿತು, ಇವಳು ತನ್ನ ಹಳೆಯ ಫೋನನ್ನು ಷೆಲ್ಫಿನ ಮೇಲಿಟ್ಟು ನಿನ್ನೆ ಬೆಳಗಿನ ಗಲಾಟೆಯನ್ನೆಲ್ಲ ರೆಕಾರ್ಡ್ ಮಾಡಿಕೊಂಡಿದ್ದಾಳೆ! ಆ ಮೇಡಂ ಹುಡುಗಿ ಅದನ್ನು ಪೂರ್ತಿ ಕೇಳಿ ಲೆಕ್ಕ ಹಾಕಿದ್ದಾಳೆ.

"ಅಜ್ಜಿ, ಏಳು ನಿಮಿಷದಲ್ಲಿ ನೀವು ಆರುನೂರಾ ಹನ್ನೆರಡು ಮಾತಾಡಿದೀರಾ. 'ಹಾಕ್ಕೊ' ಅನ್ನೋದೊಂದೇ ನೂರಾ ಎಂಟು ಸಲ."

"ಅಷ್ಟೋತ್ತರ ಆಯ್ತಲ್ಲಮ್ಮ" ಎಂದೆ. ಯಾರೂ ನಗಲಿಲ್ಲ.

"ಒಂದು ಮಾತು ಅವನ ಒಳಗೆ ಹೋಗಿ, ಅರ್ಥ ಆಗಿ, ಕೈಗೆ ಬರೋಕೆ ಟೈಮ್ ಬೇಕು ಅಜ್ಜಿ. ಅಷ್ಟರಲ್ಲಿ ನೀವು ಇನ್ನೊಂದು ಹಾಕ್ತೀರ. ಒಳಗೆ ಟ್ರಾಫಿಕ್ ಜಾಮ್ ಆಗುತ್ತೆ. ಅವನು ಅಳೋದು ಆಗ."

ಆರು ಕಾರ್ಡು ಕೊಟ್ಟಳು. ಒಂದೊಂದರಲ್ಲೂ ಒಂದೊಂದು ಚಿತ್ರ: ಚಡ್ಡಿ, ಬನಿಯನ್, ಷರ್ಟು, ನಿಕ್ಕರು, ಸಾಕ್ಸು, ಷೂ. ಬಟ್ಟೆಗಳನ್ನು ಅದೇ ವರಸೆಯಲ್ಲಿ ಹಾಸಿಗೆಯ ಮೇಲೆ ಜೋಡಿಸಿಡಬೇಕು. ಒಂದು ಹಾಕಿಕೊಂಡಾದಮೇಲೆ ಅವನೇ ಆ ಕಾರ್ಡನ್ನು ಡಬ್ಬಿಗೆ ಹಾಕಬೇಕು. ಏಳರಿಂದ ಏಳೂ ನಲವತ್ತರವರೆಗೆ ಮನೆಯಲ್ಲಿ ಟಿ.ವಿ., ಮಿಕ್ಸಿ, ಕುಕ್ಕರು ಯಾವುದೂ ಸದ್ದು ಮಾಡಬಾರದು.

"ಮುಖ್ಯವಾಗಿ ನೀವು" ಎಂದಳು.

ಬರುವಾಗ ಆಟೋದಲ್ಲಿ ನಾನು ಮುಖ ಊದಿಸಿಕೊಂಡು ಕೂತಿದ್ದೆ. ಮನೆಗೆ ಬಂದಮೇಲೆ ಪ್ರತಿಭಾ ಅಂಗಡಿಗೆ ಯಾರೋ ಪುಕ್ಕಟೆ ಕೊಟ್ಟಿದ್ದ ಈ ಡೈರಿ ತಂದು ಕೈಗಿಟ್ಟಳು. "ಅತ್ತೆ, ಆ ನಲವತ್ತು ನಿಮಿಷ ಬಾಯಿಗೆ ಬಂದಿದ್ದೆಲ್ಲ ಇದರಲ್ಲಿ ಬರ್ದುಬಿಡಿ. ಯಾರೂ ಓದಲ್ಲ."

ಓದಿದರೂ ನನಗೇನು ಭಯ.

ಜುಲೈ ೧೬, ಬುಧವಾರ

ಏಳು ಗಂಟೆ. ಬಾಯಿ ಮುಚ್ಚಿದ್ದೇನೆ.

ಏಳೂ ಐದು. ಕಾರ್ಡುಗಳ ಮುಂದೆ ಕೂತಿದ್ದಾನೆ.

ಏಳೂ ಎಂಟು. ಕೂತೇ ಇದ್ದಾನೆ. 'ಹಾಕ್ಕೊಳೋ' ಎನ್ನುವುದು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ನಿಂತಿದೆ. ನೀರು ಕುಡಿದೆ. ಇಳಿಯಲಿಲ್ಲ.

ಏಳೂ ಹನ್ನೊಂದು. ಚಡ್ಡಿ! ತಾನೇ! ಕಾರ್ಡನ್ನು ಡಬ್ಬಿಗೆ ಹಾಕಿ, ಮುಚ್ಚಳ ಹಾಕಿ, ತೆಗೆದು, ಇದೆಯೋ ಇಲ್ಲವೋ ನೋಡಿ, ಮತ್ತೆ ಮುಚ್ಚಿದ.

ಮಿಕ್ಕದ್ದನ್ನು ಮಧ್ಯಾಹ್ನ ಬರೆಯುತ್ತಿದ್ದೇನೆ. ಷರ್ಟಿಗೆ ಒಂದು ತೋಳು ತೂರಿಸಿದ್ದ. ಆಗ ಸಿಲಿಂಡರಿನವನು ಬಂದ. ನಾನು ತುಟಿಯ ಮೇಲೆ ಬೆರಳಿಟ್ಟು ಅಡುಗೆಮನೆ ತೋರಿಸಿದೆ. ಅವನು ನನ್ನ ಮುಖವನ್ನೇ ನೋಡಿದ.

"ಏನಜ್ಜಿ, ಮಾತು ಬರ್ತಿಲ್ವಾ?"

ತಲೆ ಅಲ್ಲಾಡಿಸಿದೆ. ಬರುತ್ತೆ, ಆದರೆ ಆಡುವುದಿಲ್ಲ ಎಂದು ತಲೆಯಲ್ಲಿ ಹೇಗೆ ಹೇಳುವುದು?

"ಅಯ್ಯೋ, ಸ್ಟ್ರೋಕು! ಕೈ ಎತ್ತಿ ನೋಡಣ!"

ಅವನಿಗೆ ಒಂದು ಬಿಡಬೇಕೆಂದು ಕೈ ಎತ್ತಿದೆ. "ಒಂದಲ್ಲಜ್ಜಿ, ಎರಡೂ ಕೈ ಎತ್ತಿ, ನಗಿ" ಎಂದ. ನಾನು ನಗಲಿಲ್ಲ. ಅಷ್ಟು ಸಾಕಾಯಿತು ಅವನಿಗೆ. ಶಿವುಗೆ ಫೋನು ಹಚ್ಚಿದ. ಹತ್ತು ನಿಮಿಷದಲ್ಲಿ ಶಿವು ಸ್ಕೂಟರಿನಲ್ಲಿ, ಕಂಕುಳಲ್ಲಿ ಮೆಂತ್ಯದ ಕಟ್ಟು ಹಾಗೇ ಇಟ್ಟುಕೊಂಡು, "ಅಮ್ಮಾ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತ ಒಳಗೆ ಬಿದ್ದ. ಕುಶಾಲ ಷರ್ಟು ಕಿತ್ತೆಸೆದ. ಸ್ಕೂಲಿನ ಆಟೋ ಹೋಯಿತು.

ಜುಲೈ ೧೯, ಶನಿವಾರ

ಕಾಲರಿನ ಲೇಬಲ್ಲನ್ನು ಬ್ಲೇಡಿನಿಂದ ಬಿಚ್ಚಿದೆ. ಆದರೂ ಅವನು ಆ ಜಾಗವನ್ನು ಮುಟ್ಟಿ ಮುಟ್ಟಿ ನೋಡಿದ. ನಾನೂ ಮುಟ್ಟಿದೆ. ಏನೂ ಇರಲಿಲ್ಲ. ಕೆನ್ನೆಗೆ ಒತ್ತಿಕೊಂಡು ನೋಡಿದೆ. ಎರಡು ದಾರದ ತುಣುಕು ಸೂಜಿಯಂತೆ ಚುಚ್ಚಿತು. ತೆಗೆದೆ. ಷರ್ಟು ಹಾಕಿಕೊಂಡ.

ಬನಿಯನ್ ಮಾತ್ರ ಒಳಗು ಹೊರಗಾಗಿ ಹಾಕಿಕೊಂಡಿದ್ದ. ಹೊಲಿಗೆ ಮೈಗೆ ತಾಗದಿರಲಿ ಎಂದಿರಬೇಕು. ಹೇಳೋಣವೆಂದು ಬಾಯಿ ತೆರೆದು, ಆಕಳಿಸಿದಂತೆ ಮಾಡಿ ಮುಚ್ಚಿದೆ. ಹಾಗೇ ಕಳಿಸಿದೆ. ಯಾರೂ ಫೋನು ಮಾಡಲಿಲ್ಲ.

ಜುಲೈ ೨೩, ಬುಧವಾರ

ಎದುರುಮನೆ ತ್ರಿಪುರಸುಂದರಿ ಕರಿಬೇವು ಕೇಳಿಕೊಂಡು ಬಂದವಳು ಏಳೂ ಇಪ್ಪತ್ತಕ್ಕೆ ನನ್ನ ಪಕ್ಕದಲ್ಲಿ ಕೂತೇಬಿಟ್ಟಳು. ನಾನು ಮಾತಾಡದಿದ್ದರೂ ಅವಳಿಗೆ ಬಾಧಕವಿಲ್ಲ, ಇಬ್ಬರ ಮಾತನ್ನೂ ಅವಳೇ ಆಡುತ್ತಾಳೆ. ಆದರೆ ಇವತ್ತು ಪಿಸುಮಾತಿನಲ್ಲಿ ಆಡಿದಳು, ಅಷ್ಟು ಪುಣ್ಯ. ಮಗಳಿಗೆ ಎರಡು ಸಂಬಂಧ ಬಂದಿವೆಯಂತೆ. ಮೊದಲನೆಯವನದು ಬಳೇಪೇಟೆಯಲ್ಲಿ ಬಳೆ ಅಂಗಡಿ. ಎರಡನೆಯವನದು ವಿಶ್ವೇಶ್ವರಪುರದಲ್ಲಿ ಬೇಕರಿ.

"ಯಾವುದಕ್ಕೆ ಹ್ಞೂಂ ಅನ್ಲಿ ಅಣ್ಣಮ್ಮನೋರೇ?"

ಕುಶಾಲನ ಮುಂದೆ ಸಾಕ್ಸು, ಷೂ, ಎರಡು ಕಾರ್ಡು ಉಳಿದಿದ್ದವು. ಇನ್ನೆರಡಿದೆ, ತಾಳು ಎಂದು ಎರಡು ಬೆರಳು ತೋರಿಸಿದೆ. ಅವಳು ನನ್ನ ಬೆರಳನ್ನು ನೋಡಿ, ನನ್ನ ಮುಖ ನೋಡಿ, ಕೈ ಮುಗಿದು ಎದ್ದುಹೋದಳು. ಕರಿಬೇವು ಇಲ್ಲೇ ಬಿಟ್ಟಳು.

ಆಗಸ್ಟ್ ೧, ಶುಕ್ರವಾರ

ಬೇಕರಿಯವನ ಜೊತೆ ನಿಶ್ಚಯವಾಯಿತಂತೆ. ಬಳೆ ಅಂಗಡಿಯವನಿಗೆ ಆಗಲೇ ಒಬ್ಬಳು ಹೆಂಡತಿ ಇದ್ದದ್ದು ಮೊನ್ನೆ ಗೊತ್ತಾಯಿತಂತೆ. ತ್ರಿಪುರಸುಂದರಿ ಒಂದು ಕೇಜಿ ಬೆಣ್ಣೆ ಬಿಸ್ಕತ್ತು, ತೆಂಗಿನಕಾಯಿ, ಹೂವು ತಂದು ನನ್ನ ಕಾಲಿಗೆ ಬಿದ್ದಳು.

"ಅದು ಸಾಕ್ಸು, ಷೂ ಕಣೇ!" ಎಂದೆ. ಎಂಟು ಗಂಟೆಯಾಗಿತ್ತು, ಮಾತಾಡಬಹುದಿತ್ತು.

"ಗೊತ್ತಿದ್ದೋರು ಹೀಗೇ ಮರೆಮಾಚೋದು" ಎಂದಳು.

ಆಗಸ್ಟ್ ೫, ಮಂಗಳವಾರ

ಹಾರ್ಡ್‌ವೇರ್ ಅಂಗಡಿಯ ಶೀನಣ್ಣ ಏಳೂ ಕಾಲಿಗೆ ಬಂದು ಬಾಗಿಲಲ್ಲಿ ಕೈಕಟ್ಟಿ ನಿಂತ. ಯಲಹಂಕದ ಆಚೆ ಒಂದು ಸೈಟಿದೆ, ತಗೊಳ್ಳಲೋ ಬೇಡವೋ ಎಂದು ಮೆಲ್ಲಗೆ ಕೇಳಿದ. ನನ್ನ ಮೂಗಿನ ಮೇಲೆ ನೊಣ ಕೂತಿತ್ತು. ಕೈ ಬೀಸಿ ಓಡಿಸಿದೆ. ಅವನು ದೀರ್ಘವಾಗಿ ಉಸಿರುಬಿಟ್ಟು ಹೋದ.

ಕುಶಾಲ ನಾಲ್ಕು ಕಾರ್ಡು ಮುಗಿಸಿದ. ಸಾಕ್ಸು ಇನ್ನೂ ಆಗುತ್ತಿಲ್ಲ. ಬೆರಳಿನ ಹತ್ತಿರದ ಹೊಲಿಗೆ ಅಡ್ಡಡ್ಡ ಬಂದರೆ ತೆಗೆಯುತ್ತಾನೆ, ನೇರ ಮಾಡುತ್ತಾನೆ, ತೆಗೆಯುತ್ತಾನೆ. ಹನ್ನೊಂದು ಸಲ. ನಾನು ಎಣಿಸುತ್ತ ಕೂತಿದ್ದೆ.

ಆಗಸ್ಟ್ ೮, ಶುಕ್ರವಾರ, ವರಮಹಾಲಕ್ಷ್ಮಿ ಹಬ್ಬ

ಆ ಸೈಟು ಕೆರೆ ಜಾಗವಂತೆ. ನನ್ನಿಂದ ದುಡ್ಡು ಉಳಿಯಿತೆಂದು ಶೀನಣ್ಣ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಾನೆ.

ಬೆಳಿಗ್ಗೆ ಏಳಕ್ಕೆ ಒಂಬತ್ತು ಜನ ಹೆಂಗಸರು. ಯಾರೂ ಪಿಟಕ್ಕೆನ್ನಲಿಲ್ಲ. ಸಾಲಾಗಿ ಬಂದು, ಹಾಲಿನಲ್ಲಿ ಗೋಡೆಗೆ ಒರಗಿ ಕೂತರು. ಸ್ಕೂಲಿಗೆ ರಜವಾದ್ದರಿಂದ ಕುಶಾಲ ಒಳಗೆ ಮಲಗಿದ್ದ. ನಾನು ಸುಮ್ಮನಿರಬೇಕಾದ ಕಾರಣವೇ ಇರಲಿಲ್ಲ. ಆದರೂ ಸುಮ್ಮನೆ ಕೂತಿದ್ದೆ. ನಿಜ ಬರೆಯುತ್ತೇನೆ: ಮೈಸೂರು ಸಿಲ್ಕಿನ ಸೀರೆ ಉಟ್ಟು ಕೂತಿದ್ದೆ. ಸೊಪ್ಪು ಮಾರುವಾಗ ಕೂಗಿ ಕೂಗಿ ಗಂಟಲು ಹರಿದುಕೊಂಡರೂ ಒಬ್ಬರೂ ನಿಂತು ಕೇಳಿದವರಲ್ಲ. ಈಗ ನಾನು ಕಿವಿ ಕೆರೆದುಕೊಂಡರೆ ಒಬ್ಬಳು ಕಿವಿ ಡಾಕ್ಟರ ಹತ್ತಿರ ಹೋಗುತ್ತಾಳೆ.

ಶಿವು ತಲೆ ಚಚ್ಚಿಕೊಂಡ. "ಅಮ್ಮಾ, ಏನಮ್ಮ ಇದು, ಮನೇನ ಮಠ ಮಾಡ್ಬಿಟ್ಟಿದೀಯಾ!"

"ಜನ ಬಂದ್ರೆ ನಾನೇನು ಮಾಡ್ಲೋ?"

ಪ್ರತಿಭಾ ಹಬ್ಬಕ್ಕೆ ರಜ ಹಾಕಿದ್ದಳು. ಎಲ್ಲರಿಗೂ ಕುಂಕುಮ ಕೊಟ್ಟು ಕಳಿಸಿದಳು.

ಆಗಸ್ಟ್ ೧೩, ಬುಧವಾರ

ಹದಿಮೂರು ಜನ. ರೂಮಿನ ಬಾಗಿಲು ಅರ್ಧ ಮುಚ್ಚಿದ್ದೇನೆ, ಕುಶಾಲ ಒಳಗೆ, ಅವರು ಹೊರಗೆ, ನಾನು ಹೊಸಿಲಲ್ಲಿ. ಇವತ್ತು ಸಾಕ್ಸೂ ಆಯಿತು, ಷೂವೂ ಆಯಿತು. ಆರೂ ಕಾರ್ಡು! ಏಳೂ ಮೂವತ್ತೆಂಟು.

ಆಟೋ ಬರುವವರೆಗೆ ಹೊರಗೆ ಹೋದವನು ಗೇಟಿನ ಹತ್ತಿರ ಬಿಟ್ಟಿದ್ದ ಚಪ್ಪಲಿಗಳನ್ನೆಲ್ಲ ಜೋಡಿಸಿದ. ಜೋಡಿ ಜೋಡಿಯಾಗಿ ಅಲ್ಲ, ದೊಡ್ಡದರಿಂದ ಚಿಕ್ಕದಕ್ಕೆ, ಎಡಗಾಲಿನವೆಲ್ಲ ಒಂದು ಸಾಲು, ಬಲಗಾಲಿನವೆಲ್ಲ ಇನ್ನೊಂದು. ಬಹಳ ಚೆನ್ನಾಗಿತ್ತು. ಹೊರಟಾಗ ಜನ ಅದನ್ನೂ ಸೂಚನೆ ಎಂದುಕೊಂಡು ತಮ್ಮ ಮುಂದೆ ಇದ್ದದ್ದನ್ನು ಹಾಗೇ ಮೆಟ್ಟಿಕೊಂಡು ಹೋದರು. ಒಬ್ಬ ಗಂಡಸು ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಹವಾಯಿ ಹಾಕಿಕೊಂಡು ಕುಂಟುತ್ತ, ಬಹಳ ಸಮಾಧಾನದಿಂದ ಹೋದ.

ಆಗಸ್ಟ್ ೧೮, ಸೋಮವಾರ

ಗಣೇಶನ ಕಮಿಟಿಯ ಆಂಜಿನಯ್ಯ ಸಂಜೆ ಬಂದಿದ್ದ. ಬೀದಿಗೆ ಅಡ್ಡ ಫ್ಲೆಕ್ಸು ಕಟ್ಟಿಸುತ್ತಾನಂತೆ. 'ಮೌನ ಮಾತೆ ಅಣ್ಣಮ್ಮನವರು, ದರ್ಶನ ಬೆಳಿಗ್ಗೆ ೭ ರಿಂದ ೭.೪೦.' ಮೇಲೆ ನನ್ನ ಫೋಟೋ. ಎಲ್ಲಿಂದ ತಂದನೋ, ಶಿವು ಮದುವೆಯದು, ಕೈಯಲ್ಲಿ ಐಸ್‌ಕ್ರೀಮ್ ಇದೆ. ಅದನ್ನು ಕಂಪ್ಯೂಟರಿನಲ್ಲಿ ತೆಗೆಸಿ ಕಮಲ ಇಡಿಸುತ್ತಾರಂತೆ.

"ಒಂದು ಮೈಕೂ ಹಾಕ್ಸಿಬಿಡ್ತೀನಿ ಅಕ್ಕ."

"ಮಾತೇ ಆಡ್ದೋಳಿಗೆ ಮೈಕು ಯಾಕಯ್ಯ?"

"ಹಿಂದೆ ಕೂತೋರಿಗೆ ಕೇಳ್ಬೇಕಲ್ಲಕ್ಕ."

ಏನು ಕೇಳಬೇಕು ಎಂದು ನಾನು ಕೇಳಲಿಲ್ಲ. ಬೇಡ ಎಂದೂ ಹೇಳಲಿಲ್ಲ. ಫೋಟೋದಲ್ಲಿ ನಾನು ಚೆನ್ನಾಗಿ ಕಾಣುತ್ತೇನೆ.

ಆಗಸ್ಟ್ ೨೦, ಬುಧವಾರ

ಬೀದಿಯಲ್ಲಿ ಆಂಜಿನಯ್ಯನ ಹುಡುಗರು ಮೈಕು ಟೆಸ್ಟ್ ಮಾಡಿದರು. ಏಳೂ ಹದಿನೆಂಟು. ಅದು ಕಿರ್ರೆಂದು ಕೂಗಿತು. ಅದೇ ಹೊತ್ತಿಗೆ ಹಾಲಿನಲ್ಲಿ ಯಾರದೋ ಫೋನು ಭಜನೆ ಹಾಡಲು ಶುರುಮಾಡಿತು. ಆಕೆಗೆ ಅದನ್ನು ನಿಲ್ಲಿಸಲು ಬರಲಿಲ್ಲ, ಎಲ್ಲರೂ ಅವಳಿಗೆ "ಶ್" ಎಂದರು. ಇಪ್ಪತ್ತು ಜನ "ಶ್" ಎಂದರೆ ಎಷ್ಟು ಸದ್ದಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಕುಶಾಲ ಷರ್ಟಿನ ಗುಂಡಿಗಳನ್ನೆಲ್ಲ ಕಿತ್ತುಹಾಕಿ, ಕಿವಿ ಮುಚ್ಚಿಕೊಂಡು ಮಂಚದ ಕೆಳಗೆ ಹೋದ. ಅವನು ಅತ್ತದ್ದು ನಾಲ್ಕು ಮನೆಗೆ ಕೇಳಿಸಿತು. ಒಬ್ಬ ಹೆಂಗಸು ಬಾಗಿಲಿನಿಂದ ಇಣುಕಿ, "ಮಗೂಗೆ ಮೈ ಮೇಲೆ ಬಂದಿದೆ" ಎಂದು ಕೈ ಮುಗಿದಳು. ಅವಳನ್ನು ನಾನು ತಳ್ಳಿದೆ.

ಸಂಜೆ ಪ್ರತಿಭಾ ಗುಂಡಿಗಳನ್ನು ಒಂದೊಂದಾಗಿ ಹುಡುಕಿ ಹೊಲಿದಳು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಹೇಳುತ್ತಿದ್ದೆ.

"ಒಂದನೇ ತಾರೀಖು ಕೆಲಸ ಬಿಡ್ತೀನಿ ಅಂತ ಹೇಳ್ಬಿಡ್ತೀನಿ ಅತ್ತೆ" ಎಂದಳು, ದಾರ ಕಚ್ಚುತ್ತ.

ಆಗಸ್ಟ್ ೨೧, ಗುರುವಾರ

ಬೆಳಿಗ್ಗೆ ಗೇಟಿಗೆ ಬೀಗ ಹಾಕಿದೆ. ಜನ ಗೇಟಿನ ಹೊರಗೇ ಕೂತರು. ಕುಶಾಲ ಮಂಚದ ಕೆಳಗಿಂದ ಬರಲಿಲ್ಲ. ಏಳಕ್ಕೆ ನಾನೂ ಮಂಚದ ಕೆಳಗೆ ತೂರಿದೆ. ಈ ವಯಸ್ಸಿನಲ್ಲಿ ಒಳಗೆ ಹೋಗುವುದು ಹೇಗೋ ಆಗುತ್ತದೆ.

ಅಲ್ಲಿ ಕತ್ತಲೆ, ತಂಪು. ಹೊರಗಿನ ಸದ್ದು ಅರ್ಧ ಕೇಳಿಸುತ್ತದೆ. ಒಳ್ಳೆಯ ಜಾಗ. ನಾನು ಅವನ ಕಡೆ ನೋಡದೆ ಮಂಚದ ಹಲಗೆ ನೋಡುತ್ತ ಮಲಗಿದ್ದೆ. ಎಷ್ಟೋ ಹೊತ್ತಾದಮೇಲೆ ಅವನು ತನ್ನ ಅಂಗಾಲನ್ನು ನನ್ನ ತೋಳಿಗೆ ಒತ್ತಿ ಇಟ್ಟ. ಬೆಚ್ಚಗಿತ್ತು. ಹಾಗೇ ಇದ್ದೆವು.

ಹನ್ನೊಂದಕ್ಕೆ ಶಿವು ಬಂದು ನನ್ನನ್ನು ಎಳೆದು ತೆಗೆದ.

ಆಗಸ್ಟ್ ೨೨, ಶುಕ್ರವಾರ

ಆರೂವರೆಗೆ ಶಿವುವನ್ನು ಅಂಗಡಿಯಿಂದ ಕರೆಸಿಕೊಂಡೆ. "ರೂಮಿನ ಬಾಗಿಲಲ್ಲಿ ಕುರ್ಚಿ ಹಾಕ್ಕೊಂಡು ಕೂತಿರು. ಏನೂ ಮಾತಾಡ್ಬೇಡ, ಏನೂ ಮಾಡ್ಬೇಡ. ಅವನು ಮಂಚದ ಕೆಳಗಿಂದ ಬರದಿದ್ರೆ ಬರದಿರ್ಲಿ" ಎಂದೆ. ಬಟ್ಟೆಗಳನ್ನು ಹಾಸಿಗೆಯ ಮೇಲೆ ಜೋಡಿಸಿ, ಕಾರ್ಡಿಟ್ಟು, ಸೀರೆ ಸಿಕ್ಕಿಸಿಕೊಂಡು ಗೇಟು ತೆಗೆದೆ.

ಇಪ್ಪತ್ತೈದು ಮೂವತ್ತು ಜನ. ಬನ್ನಿ ಎಂದು ಕೈ ಮಾಡಿದೆ. ಬಂದರು. ಮನೆಯಿಂದ ಎರಡು ಬೀದಿ ದಾಟಿಸಿ ಹಾಲಿನ ಬೂತಿನ ಹತ್ತಿರ ಕರೆದುಕೊಂಡು ಹೋದೆ. ಮೌನ ಮಾತೆ ಪಾದಯಾತ್ರೆ ಹೊರಟಿದ್ದಾರೆ ಎಂದು ದಾರಿಯಲ್ಲಿ ಇನ್ನೂ ಕೆಲವರು ಸೇರಿಕೊಂಡರು. ಬೂತಿನ ಕಟ್ಟೆ ಹತ್ತಿ ನಿಂತೆ. ಗಡಿಯಾರ ನೋಡಿದೆ. ಸರಿಯಾಗಿ ಏಳು. ಬಾಯಿ ತೆರೆದೆ.

ಐದು ವಾರದಿಂದ ಒಳಗೆ ಸೇರಿದ್ದೆಲ್ಲ ಹೊರಗೆ ಬಂತು. ಎರಡು ಬೆರಳು ಎಂದರೆ ಸಾಕ್ಸು, ಷೂ ಎಂದೆ. ನೊಣ ಎಂದರೆ ನೊಣ ಎಂದೆ. ನನ್ನ ಮೊಮ್ಮಗನಿಗೆ ನಿಮ್ಮ ಸದ್ದು ಕಿವಿಗೆ ಕಾದ ಎಣ್ಣೆ ಬಿಟ್ಟಂತೆ, ಅವನು ನೆಮ್ಮದಿಯಾಗಿ ಷರ್ಟು ಹಾಕಿಕೊಳ್ಳಲಿ ಎಂದು ನಾನು ಬಾಯಿ ಮುಚ್ಚಿದ್ದು ಎಂದೆ. ಅವರು ಮಿಸುಕಲಿಲ್ಲ. ಇದೂ ಪರೀಕ್ಷೆ ಎಂದುಕೊಂಡರು. ಆಮೇಲೆ ನಾನು ಬೆಂಡೆಕಾಯಿಗೆ ಹೋದೆ. ಎಳೆಯದು ಯಾವುದು, ಬಲಿತದ್ದು ಯಾವುದು. ನಮ್ಮತ್ತೆಯ ಮಂಡಿನೋವು. ನನ್ನ ಮದುವೆಯಲ್ಲಿ ಸಾರಿಗೆ ಉಪ್ಪು ಹಾಕದೇ ಇದ್ದದ್ದು, ಯಾರು ಹಾಕಲಿಲ್ಲ, ಏಕೆ ಹಾಕಲಿಲ್ಲ, ಅವರ ಮಗಳು ಈಗ ಎಲ್ಲಿದ್ದಾಳೆ. ಸೊಪ್ಪು ಮಾರುವ ಗಂಟಲಿನಲ್ಲಿ, ಉಸಿರು ತೆಗೆದುಕೊಳ್ಳದೆ.

ಏಳೂ ಹದಿನೈದಕ್ಕೆ ಮೊದಲನೆಯವರು ಎದ್ದರು. ಏಳೂವರೆಗೆ ಐದಾರು ಜನ ಉಳಿದಿದ್ದರು. ಶೀನಣ್ಣ ಕೊನೆಯವರೆಗೂ ಆಸೆ ಬಿಡಲಿಲ್ಲ. ಪಾಪ, ಕೈ ಮುಗಿದು ಹೇಳಿದ:

"ಅಕ್ಕ, ಇಷ್ಟು ಮಾತಾಡೋರು ನಮ್ಮನೇಲೇ ಇದಾರೆ."

ತ್ರಿಪುರಸುಂದರಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಶಕ್ತಿ ಹೊರಟೋಯ್ತು" ಎಂದಳು.

"ಹೋಗ್ಲಿ ಬಿಡೇ" ಎಂದೆ.

ಮನೆಗೆ ಬಂದೆ. ಶಿವು ಕುರ್ಚಿಯಲ್ಲಿ ಕತ್ತು ವಾಲಿಸಿಕೊಂಡು ನಿದ್ದೆ ಹೊಡೆಯುತ್ತಿದ್ದ. ಬೆಳಗಿನ ಮೂರಕ್ಕೆ ಎದ್ದವನು. ಕುಶಾಲ ಅವನ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದ. ಷರ್ಟು, ನಿಕ್ಕರು ಹಾಕಿಕೊಂಡಿದ್ದ. ಗುಂಡಿ ಒಂದೊಂದು ಕಾಜ ತಪ್ಪಿ, ಕಾಲರು ಒಂದು ಕಡೆ ಕಿವಿಯವರೆಗೂ ಏರಿತ್ತು. ಒಂದು ಕಾಲಿಗೆ ಸಾಕ್ಸು. ಇನ್ನೊಂದು ಸಾಕ್ಸನ್ನು ಅಪ್ಪನ ಬಲಗಾಲಿನ ಹೆಬ್ಬೆರಳಿಗೆ ಹಾಕಿದ್ದ, ಹೊಲಿಗೆ ನೇರವಾಗಿ.

ಗುಂಡಿ ಸರಿಮಾಡಲು ನನ್ನ ಕೈ ಹೋಗಲಿಲ್ಲ. ಹಾಗೇ ಆಟೋ ಹತ್ತಿಸಿದೆ. ಸಂಜೆ ಎಷ್ಟೋ ಹೊತ್ತು ಗಂಟಲು ನೋಯುತ್ತಿತ್ತು.

ಆಗಸ್ಟ್ ೨೬, ಮಂಗಳವಾರ

ಆಂಜಿನಯ್ಯ ಫ್ಲೆಕ್ಸನ್ನು ದಂಡ ಮಾಡಲಿಲ್ಲ. ನನ್ನ ಮುಖದ ಮೇಲೆ ಗಣೇಶನದನ್ನು ಅಂಟಿಸಿದ್ದಾನೆ. ಸೀರೆ, ಕೈ, ಕಮಲ ಎಲ್ಲ ನನ್ನವೇ. ನೋಡಿದವರು ಹಾಗೇ ಕೈ ಮುಗಿದು ಹೋಗುತ್ತಿದ್ದಾರೆ.

ಪ್ರತಿಭಾ ಒಂದನೇ ತಾರೀಖಿನ ಮಾತು ಮತ್ತೆ ಎತ್ತಿಲ್ಲ. ನಾನೂ ಕೇಳಿಲ್ಲ.

ಸೆಪ್ಟೆಂಬರ್ ೩, ಬುಧವಾರ

ಹಬ್ಬ ಮುಗಿದು ವಾರವಾದರೂ ಬೀದಿಯ ಮೈಕು ನಿಂತಿಲ್ಲ. ಸೋಮವಾರ ಎರಡು ಕಾರ್ಡು. ನಿನ್ನೆ ಸೊನ್ನೆ. ಇವತ್ತು ಮೂರು, ಆಮೇಲೆ ಹಾಕಿಕೊಂಡದ್ದನ್ನೆಲ್ಲ ತೆಗೆದು, ಕಾರ್ಡುಗಳನ್ನೂ ಡಬ್ಬಿಯಿಂದ ತೆಗೆದು ವಾಪಸು ಅವುಗಳ ಜಾಗದಲ್ಲಿಟ್ಟ. ತಪ್ಪು ಲೆಕ್ಕ ಇರಬಾರದು ಅವನಿಗೆ.

ಬಟ್ಟೆ ಒಣಗಿರಲಿಲ್ಲ. ಮುಟ್ಟಿದರೆ ಒಣಗಿದ ಹಾಗೇ ಇತ್ತು, ಆದರೆ ಕಂಕುಳ ಹತ್ತಿರ ತಣ್ಣಗಿತ್ತು. ಅವನು ಅಲ್ಲೇ ಕೈ ಇಟ್ಟು ತೋರಿಸಿದ. ನಾಳೆಯಿಂದ ಇಸ್ತ್ರಿ ಹಾಕಿ ಬೆಚ್ಚಗೆ ಮಾಡಿಡಬೇಕು.

ಸೆಪ್ಟೆಂಬರ್ ೧೦, ಬುಧವಾರ

ಆರು. ಏಳೂ ಮೂವತ್ತೊಂದು.

ಸೆಪ್ಟೆಂಬರ್ ೧೩, ಶನಿವಾರ

ಸಂಜೆ ಪ್ರತಿಭಾ ನನ್ನ ಪಕ್ಕ ಕೂತು ಬಟಾಣಿ ಬಿಡಿಸುತ್ತಿದ್ದಳು. ಇದ್ದಕ್ಕಿದ್ದಂತೆ ಮಾತಾಡತೊಡಗಿದಳು. ಕುಶಾಲನಿಗೆ ಮೂರು ತುಂಬಿದಾಗ ಡಾಕ್ಟರು ಹೇಳಿದ ದಿನ ಅವಳು ಮನೆಗೆ ಬಾರದೆ ಸ್ಯಾಂಕಿ ಕೆರೆಯ ಹತ್ತಿರ ಅವನನ್ನು ಮಡಿಲಲ್ಲಿಟ್ಟುಕೊಂಡು ಮೂರು ಗಂಟೆ ಕೂತಿದ್ದಳಂತೆ. ಮನೆಗೆ ಬಂದರೆ ನಾನು ಏನನ್ನುತ್ತೇನೋ ಎಂದು.

"ನೀವು 'ದೃಷ್ಟಿ ತೆಗೆದ್ರೆ ಸರಿಹೋಗುತ್ತೆ' ಅಂದ್ರಿ ಅತ್ತೆ. ಮೆಣಸಿನಕಾಯಿ ಸುಟ್ರಿ. ಅವನು ಕೆಮ್ಮಿ ಕೆಮ್ಮಿ ಅತ್ತ."

ನನಗೆ ಅದು ನೆನಪೇ ಇರಲಿಲ್ಲ. ಅವಳು ಇನ್ನೂ ಎಷ್ಟೋ ಹೇಳಿದಳು. ಆಸ್ಪತ್ರೆಯ ಕೆಲಸದ್ದು, ಅಲ್ಲಿ ತನ್ನನ್ನು ಪ್ರತಿಭಾ ಎಂದು ಹೆಸರು ಹಿಡಿದು ಕರೆಯುತ್ತಾರೆ ಎಂಬುದು, ಅದು ಎಷ್ಟು ಹಿತವೆಂಬುದು. ಕಾಳು ಮುಗಿದರೂ ಕೈ ಆಡಿಸುತ್ತ ಕೂತಿದ್ದಳು. ನಾನು ಒಂದು ಮಾತೂ ಆಡಲಿಲ್ಲ. ಅಭ್ಯಾಸ ಬಿದ್ದುಹೋಗಿದೆ.

ಏಳುವಾಗ "ಕಾಫಿ ಮಾಡ್ಲಾ ಅತ್ತೆ?" ಎಂದಳು. ನಾನೇ ಮಾಡಿದೆ.

ಸೆಪ್ಟೆಂಬರ್ ೧೯, ಶುಕ್ರವಾರ

ನಾಳೆಯಿಂದ ದಸರಾ ರಜ. ಹೆಡ್‌ಮಿಸ್ಸು ಇವತ್ತು ಕರೆಸಿದ್ದರು. ಪ್ರತಿಭಾಗೆ ರಜ ಸಿಗಲಿಲ್ಲ. ನಾನು, ಕುಶಾಲ ಹೋದೆವು. ಬನಿಯನ್ ಒಳಗು ಹೊರಗಾಗಿತ್ತು, ಅದು ಷರ್ಟಿನ ಒಳಗಿರುವುದರಿಂದ ಅವರಿಗೆ ಕಾಣಲಿಲ್ಲ. ಉಳಿದದ್ದೆಲ್ಲ ಸರಿಯಾಗಿತ್ತು.

ಅವರು ಒಳ್ಳೆಯವರೇ. ಆದರೆ ಮಾತು! ರಿಜಿಸ್ಟರು ತಿರುವಿ ಹಾಕುತ್ತ, "ಜುಲೈಯಲ್ಲಿ ಹದಿನಾಲ್ಕು ದಿನ ಲೇಟು, ಸೆಪ್ಟೆಂಬರಲ್ಲಿ ಮೂರೇ ದಿನ, ಇಂಪ್ರೂವ್‌ಮೆಂಟ್ ಇದೆ, ಇಲ್ಲ ಅನ್ನಲ್ಲ, ಆದ್ರೆ ಕ್ಲಾಸಲ್ಲಿ ಉತ್ತರ ಕೊಡಲ್ಲ, ಕುಶಾಲ್, ಇಲ್ಲಿ ನೋಡು ಪುಟ್ಟ, ನಿಂಗೆ ಸ್ಕೂಲ್ ಇಷ್ಟನಾ, ಯಾಕೆ ಮಾತಾಡಲ್ಲ, ಮಿಸ್ ಹತ್ರ ಹೇಳು, ಏನು ತೊಂದ್ರೆ, ಹೇಳು ಹೇಳು, ಜಾಣ ಅಲ್ವಾ..."

ನಾನು ಅಂಗೈ ಎತ್ತಿದೆ. ಏಕೆ ಎತ್ತಿದೆನೋ ಗೊತ್ತಿಲ್ಲ, ಎತ್ತಿದೆ. ಅವರು ನಿಲ್ಲಿಸಿದರು. ಮೂವರೂ ಕೂತಿದ್ದೆವು. ಗುಮಾಸ್ತ ಬಾಗಿಲಲ್ಲಿ ಬಂದವನು ಅಲ್ಲೇ ನಿಂತ. ಹೆಡ್‌ಮಿಸ್ಸು ಎರಡು ಸಲ ಬಾಯಿ ತೆರೆದರು. ಎರಡು ಸಲವೂ ನಾನು ಅವರನ್ನು ನೋಡಿದೆ.

ಬಹಳ ಹೊತ್ತಿನ ಮೇಲೆ ಕುಶಾಲ ಮೇಲಕ್ಕೆ ನೋಡಿ ಹೇಳಿದ:

"ಫ್ಯಾನ್ ಟಕ್ ಅಂತಿದೆ. ಕ್ಲಾಸಲ್ಲೂ ಅಂತಿದೆ."

ಎಲ್ಲರೂ ಮೇಲಕ್ಕೆ ನೋಡಿದೆವು. ಹೌದು. ಪ್ರತಿ ಸುತ್ತಿಗೂ ಟಕ್. ಟಕ್. ಒಮ್ಮೆ ಕೇಳಿಸಿದ ಮೇಲೆ ಬೇರೇನೂ ಕೇಳಿಸಲೊಲ್ಲದು. ಹೆಡ್‌ಮಿಸ್ಸಿನ ಮುಖ ಒಂದು ಥರಾ ಆಯಿತು. ತಾವೇ ಎದ್ದುಹೋಗಿ ಸ್ವಿಚ್ಚು ಆರಿಸಿದರು. ಆಮೇಲೆ ಹಣೆಯ ಬೆವರು ಒರೆಸಿಕೊಳ್ಳುತ್ತ ರಿಜಿಸ್ಟರಿನಲ್ಲಿ ಏನೋ ಬರೆದರು. "ವರ್ಷ ಪೂರ್ತಿ ಇಲ್ಲೇ ಇರ್ಲಿ ಅಜ್ಜಿ. ಕ್ಲಾಸಿನ ಫ್ಯಾನು ರಜದಲ್ಲಿ ರಿಪೇರಿ ಮಾಡಿಸ್ತೀವಿ" ಎಂದರು. ಆಮೇಲೂ ಇನ್ನೇನೇನೋ ಹೇಳಿದರು.

ಪ್ರತಿಭಾ ಮನೆಗೆ ಬಂದವಳೇ ಚಪ್ಪಲಿಯನ್ನೂ ಬಿಡದೆ ಕೇಳಿದಳು. ಇರಲಿ ಅಂದರು ಎಂದೆ. ಅಲ್ಲೇ ಗೋಡೆ ಹಿಡಿದು ಚಪ್ಪಲಿ ಬಿಟ್ಟಳು. "ಇನ್ನೇನಂದ್ರು ಅತ್ತೆ, ಎಲ್ಲಾ ಹೇಳಿ, ಬಿಡಿಬಿಡಿಯಾಗಿ ಹೇಳಿ" ಎಂದಳು.

ನೆನಪು ಮಾಡಿಕೊಳ್ಳಲು ನೋಡಿದೆ. ಫ್ಯಾನು ನಿಂತಮೇಲೆ ಕಿಟಕಿಯಾಚೆಯ ಮರದಲ್ಲಿ ಗಿಳಿಗಳ ಸದ್ದು ಕೇಳಿಸುತ್ತಿತ್ತು. ಐದೋ ಆರೋ ಇರಬೇಕು. ಕುಶಾಲನೂ ಅದನ್ನೇ ಕೇಳುತ್ತಿದ್ದ. ಅಷ್ಟೇ ನೆನಪಿತ್ತು.